ಪದ ಪರಿಚಯ: ಮಿಶ್ರ ನೋದನ

ಒಂದೇ ವಿಮಾನವನ್ನು ಎರಡು ಬೇರೆ ಜಾತಿಯ ಎಂಜಿನ್‌ಗಳಿಂದ ಹಾರಿಸುವ ಏರ್ಪಾಟೇ ಮಿಶ್ರ ನೋದನ. ಎಂಜಿನ್ ನಾಲ್ಕಿದ್ದರೂ ಎಲ್ಲವೂ ಒಂದೇ ಬಗೆಯವಾದರೆ ಅದು ಮಿಶ್ರವಲ್ಲ. ಪಿಸ್ಟನ್ ಜೊತೆ ಜೆಟ್, ಜೆಟ್ ಜೊತೆ ರಾಕೆಟ್, ಹೀಗೆ ಬೇರೆ ಬೇರೆ ಬಗೆಯವು ಇರಬೇಕು.

ಎರಡನೇ ಮಹಾಯುದ್ಧದ ಜರ್ಮನಿಯಲ್ಲಿ ನಕ್ಷೆಯಾಗಿಯೇ ಉಳಿದ ಒಂದು ಯುದ್ಧವಿಮಾನವನ್ನು ನೋಡಿ. ಅದಕ್ಕೆ ತಳಹದಿ, ನಿಜವಾಗಿ ಹಾರಿದ್ದ ಇನ್ನೊಂದು ವಿಮಾನ: ಡಾರ್ನಿಯರ್ ಕಂಪನಿಯ ಡೋ 335. ಇದು ಮೊದಲು ಹಾರಿದ್ದು 1943ರ ಅಕ್ಟೋಬರ್‌ನಲ್ಲಿ. ಅದರ ಮೂತಿಯಲ್ಲೊಂದು ಡೈಮ್ಲರ್-ಬೆಂಜ್ 603 ಪಿಸ್ಟನ್ ಎಂಜಿನ್, ಪೈಲಟ್‌ನ ಬೆನ್ನ ಹಿಂದೆ ಅಂಥದೇ ಇನ್ನೊಂದು. ಹಿಂದಿನದು ಉದ್ದನೆಯ ದಂಡದ ಮೂಲಕ ಬಾಲದ ತುದಿಯ ಪ್ರೊಪೆಲ್ಲರನ್ನು ತಿರುಗಿಸುತ್ತಿತ್ತು. ಪೈಲಟ್ ಜೀವ ಉಳಿಸಿಕೊಳ್ಳಲು ಹೊರಹಾರಬೇಕಾದರೆ ಮೊದಲು ಆ ಪ್ರೊಪೆಲ್ಲರನ್ನು ಸಿಡಿಸಿ ಕಳಚಬೇಕಿತ್ತು! ಪೈಲಟ್‌ನ ಬೆನ್ನ ಹಿಂದಿನ ಈ ಪಿಸ್ಟನ್ ಎಂಜಿನ್ ತೆಗೆದು ಯೂಮೊ 004 ಜೆಟ್ ಕೂರಿಸುವುದೇ ಹೊಸ ಯೋಜನೆ. ಹೈಂಕೆಲ್ ಕಂಪನಿಯೂ ಅದರಲ್ಲಿ ಕೈಜೋಡಿಸಿತು. 535 ಎಂಬ ಸಂಖ್ಯೆಯೂ ಸಿಕ್ಕಿತು, ವಿಮಾನ ಮಾತ್ರ ಸಿದ್ಧವಾಗಲಿಲ್ಲ.

ಜೆಟ್ ಕೈಗೆ ಬಂದ ಮೇಲೆ ಪಿಸ್ಟನ್ ಏಕೆ ಬೇಕು? ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಯೂಮೊ 004ರ ನೂಕುಬಲ ಸುಮಾರು 900 ಕಿಲೋಗ್ರಾಂ. ವೇಗ ಹೆಚ್ಚಿದರೂ ಕಡಿಮೆಯಾದರೂ ಈ ಬಲ ಬಹಳವೇನೂ ಬದಲಾಗುವುದಿಲ್ಲ. ಹೀಗಾಗಿ ಗಂಟೆಗೆ 720 ಕಿ.ಮೀ. ವೇಗದಲ್ಲಿ ಅದು 2,400 ಅಶ್ವಶಕ್ತಿಗೆ ಸಮ. ರನ್‌ವೇಯಲ್ಲಿ 72 ಕಿ.ಮೀ. ವೇಗದಲ್ಲಿ ಓಡುವಾಗ ಬರೀ 240! ಪ್ರೊಪೆಲ್ಲರ್‌ನದು ಇದಕ್ಕೆ ತದ್ವಿರುದ್ಧ ಸ್ವಭಾವ. ನಿಧಾನ ವೇಗದಲ್ಲಿ ಬಲವಾಗಿ ಎಳೆಯುತ್ತದೆ, ಅಲಗಿನ ತುದಿ ಶಬ್ದವೇಗವನ್ನು ಸಮೀಪಿಸಿದಾಗ ಸೋಲುತ್ತದೆ. ಜೊತೆಗೆ ಆಗಿನ ಜೆಟ್‌ಗಳು ಇಂಧನವನ್ನು ಸುರಿದುಕೊಂಡು ಕುಡಿಯುತ್ತಿದ್ದವು; ಎಂಜಿನ್ನಿನ ಬಲ ಏರಿಳಿಸುವ ಹಿಡಿಯಾದ ಥ್ರಾಟಲ್ಲನ್ನು ಅವಸರದಿಂದ ಮುಂದೊತ್ತಿದರೆ ಉರಿ ಆರುವ ಅಪಾಯವೂ ಇತ್ತು. ಏರಲು, ದೂರ ಸಾಗಲು ಪಿಸ್ಟನ್, ಶತ್ರುವನ್ನು ಬೆನ್ನಟ್ಟಲು ಜೆಟ್ ಎಂಬ ಹಂಚಿಕೆ ಜಾಣತನದ್ದೇ.

ಆದರೆ ಜೆಟ್ ಉರಿಸದೆ ಸಾಗುವಾಗ ಅದು ಸತ್ತ ತೂಕ. ಪೂರ್ಣ ವೇಗದಲ್ಲಿ ಪಿಸ್ಟನ್ನೇ ಹೊರೆ. ಎರಡಕ್ಕೂ ಬಿಡಿಭಾಗ ಬೇಕು, ಎರಡನ್ನೂ ಬಲ್ಲ ಮೆಕ್ಯಾನಿಕ್ ಬೇಕು. ಎರಡು ಜೆಟ್‌ಗಳ ಮೆಸರ್‌ಶ್ಮಿಟ್ 262 ವಿಮಾನ 1944ರಲ್ಲೇ ಕಾಳಗಕ್ಕೆ ಇಳಿದಿದ್ದಾಗ ಈ ತಾಪತ್ರಯ ಯಾರಿಗೆ ಬೇಕಿತ್ತು? ಇಂಥದೇ ವಿಮಾನವನ್ನು ಅಮೆರಿಕ ಕಟ್ಟಿಯೂ ನೋಡಿತು: ಮೂತಿಯಲ್ಲಿ ಪಿಸ್ಟನ್, ಬಾಲದಲ್ಲಿ ಜೆಟ್ ಇದ್ದ ರಯಾನ್ ಫೈರ್‌ಬಾಲ್. ಹಡಗಿನ ಮೇಲೆ ಇಳಿಯುವಾಗ ಥ್ರಾಟಲ್ಲಿಗೆ ನಿಧಾನವಾಗಿ ಓಗೊಡುವ ಜೆಟ್ಟನ್ನಷ್ಟೇ ನಂಬಲಾಗದು ಎಂಬ ಅಳುಕು ಅಲ್ಲಿನ ನೌಕಾಪಡೆಗೆ ಇತ್ತು. 66 ವಿಮಾನಗಳು ಸಿದ್ಧವಾದವು, 1947ರ ಹೊತ್ತಿಗೆ ನಿವೃತ್ತಿಯೂ ಆದವು.