ಪದ ಪರಿಚಯ: ವಾರ್ಡ್ ಸಮಿತಿ

ಇಂಗ್ಲಿಷಿನ 'ವಾರ್ಡ್' ಎಂಬ ಮಾತಿಗೆ ಮೂಲದಲ್ಲಿದ್ದ ಅರ್ಥ ಕಾವಲು. ಕಾವಲಿಗೆ ಒಪ್ಪಿಸಿದ ಜಾಗ ಎಂಬ ಅರ್ಥ ಆಮೇಲೆ ಬಂತು, ನಗರಾಡಳಿತದ ಒಂದು ವಿಭಾಗ ಎಂಬ ಅರ್ಥ ಅದಕ್ಕೂ ಆಮೇಲಿನದು. ನಮ್ಮ ಹಳ್ಳಿಗಳಲ್ಲಿ ಕಾವಲಿನ ಹೊಣೆ ತಳವಾರನದಾಗಿತ್ತು. ಇಂದಿನ ನಗರದ ವಾರ್ಡಿಗೆ ಚುನಾಯಿತ ಸದಸ್ಯರಿದ್ದಾರೆ, ಆದರೆ ಕಾವಲು ಅವರ ಕೈಯಲ್ಲಿಲ್ಲ. ಅದು ರಾಜ್ಯ ಸರ್ಕಾರದ ಗೃಹ ಇಲಾಖೆಯದು. ಪಾಲಿಕೆ ಚುನಾವಣೆ ಬಂದಾಗ 'ನಮ್ಮ ಏರಿಯಾ ಸೇಫ್ ಆಗಬೇಕು' ಎಂದು ನಿವಾಸಿಗಳು ಕೇಳುವುದಕ್ಕೂ, ಗೆದ್ದ ಕಾರ್ಪೊರೇಟರ್ ಮಾಡಲು ಸಾಧ್ಯವಿರುವುದಕ್ಕೂ ನಡುವಿನ ಕಂದಕ ಶುರುವಾಗುವುದು ಇಲ್ಲೇ. ಆ ಕಂದಕ ದಾಟಲು ಕಾನೂನಿನಲ್ಲೇ ಇರುವ ಸೇತುವೆ ವಾರ್ಡ್ ಸಮಿತಿ.

ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಿಂದ ಜಾರಿಗೆ ಬಂತು. ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ಒಂದು ಅಥವಾ ಹೆಚ್ಚು ವಾರ್ಡುಗಳಿಗೆ ಸಮಿತಿ ಇರಲೇಬೇಕೆಂದು ಅದರ 243-ಎಸ್ ವಿಧಿ ಹೇಳುತ್ತದೆ. ಕರ್ನಾಟಕ 1976ರ ಮಹಾನಗರ ಪಾಲಿಕೆಗಳ ಕಾಯ್ದೆಗೆ 2011ರಲ್ಲಿ ತಿದ್ದುಪಡಿ ತಂದು ಪ್ರತಿ ವಾರ್ಡಿಗೂ ಒಂದು ಸಮಿತಿ ಎಂದಿತು. ಅದರಂತೆ ಆ ವಾರ್ಡಿನ ಕಾರ್ಪೊರೇಟರೇ ಅಧ್ಯಕ್ಷರು. ನಾಮನಿರ್ದೇಶನಗೊಂಡ ಹತ್ತು ಸದಸ್ಯರಲ್ಲಿ ಕನಿಷ್ಠ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಇಬ್ಬರು ನಿವಾಸಿಗಳ ಸಂಘದ ಪ್ರತಿನಿಧಿಗಳು. ಬೆಂಗಳೂರಿಗೆ ಈಗ ಪ್ರತ್ಯೇಕ ಕಾಯ್ದೆಯಿದೆ. ಸಂಖ್ಯೆಗಳು ಬೇರೆಯಾದರೂ ಸಮಿತಿಯ ತಿರುಳು ಒಂದೇ.

ನಿವಾಸಿಗಳ ಮಾತಿಗೆ ಬರೋಣ. ಮತ ಕೇಳಲು ಬಂದವರ ಮುಂದೆ ಜನ ಹೇಳುವ ಸುರಕ್ಷತೆಯಲ್ಲಿ ಎರಡು ಬಗೆ ಬೆರೆತಿರುತ್ತದೆ. ಸರಗಳ್ಳತನ, ಮನೆಗಳ್ಳತನ, ಗಾಂಜಾ, ರಾತ್ರಿ ಹುಡುಗರ ವ್ಹೀಲಿಂಗ್: ಇವು ಪೊಲೀಸರ ಕೆಲಸ. ತಕ್ಷಣಕ್ಕೆ 112, ಅನಂತರ ಠಾಣೆ, ಬೀಟ್ ಸಿಬ್ಬಂದಿ. ಕಾರ್ಪೊರೇಟರ್ ಒಬ್ಬ ಕಾನ್‌ಸ್ಟೆಬಲ್‌ಗೂ ಆದೇಶ ಕೊಡುವಂತಿಲ್ಲ. 'ಪೊಲೀಸ್ ಗಸ್ತು ಹೆಚ್ಚಿಸುತ್ತೇನೆ' ಎಂದು ಭರವಸೆ ಕೊಡುವ ಅಭ್ಯರ್ಥಿ ತನ್ನದಲ್ಲದ ಅಧಿಕಾರದ ಮೇಲೆ ಮತ ಕೇಳುತ್ತಿದ್ದಾರೆ. ಆದರೆ ಆರದ ಬೀದಿದೀಪ, ನಡೆಯಲು ಬರುವ ಫುಟ್‌ಪಾತ್, ಮುಚ್ಚಿದ ಚರಂಡಿ, ಪೊದೆ ಬೆಳೆಯದ ಖಾಲಿ ಸೈಟು, ಬೀದಿನಾಯಿಗಳ ಸಂತಾನಹರಣ ಮತ್ತು ರೇಬಿಸ್ ಲಸಿಕೆ ಇವೆಲ್ಲ ಪಾಲಿಕೆಯವು. ಕೆಲಸ ಮುಗಿಸಿ ರಾತ್ರಿ ಒಂಬತ್ತಕ್ಕೆ ಬಸ್ ಸ್ಟಾಪಿನಿಂದ ಮನೆಗೆ ನಡೆಯುವ ಹೆಣ್ಣುಮಗಳಿಗೆ ಇವು ಪೊಲೀಸ್ ಜೀಪಿನಷ್ಟೇ ಮುಖ್ಯ. ಇದನ್ನು ಯಾರೂ ಹಗುರವಾಗಿ ಕಾಣಬಾರದು.

ಕೆಲಸ ಕೆಡುವುದು ಹೇಗೆಂದು ತಿಳಿಯಲು ಬೀದಿದೀಪವನ್ನೇ ನೋಡಿ. ಒಂದೇ ಕಂಬದ ದೀಪ ಆರಿದ್ದರೆ ದೋಷ ಬಹುತೇಕ ಆ ದೀಪದಲ್ಲೋ ಅದಕ್ಕೆ ತಕ್ಕ ವಿದ್ಯುತ್ ಒದಗಿಸುವ 'ಡ್ರೈವರ್' ಎಂಬ ಭಾಗದಲ್ಲೋ ಇರುತ್ತದೆ. ಸಾಲಾಗಿ ಏಳೆಂಟು ಕಂಬ ಕತ್ತಲಾಗಿದ್ದರೆ ಬಲ್ಬು ಬದಲಿಸಿ ಫಲವಿಲ್ಲ: ಸ್ವಿಚ್ ಪೆಟ್ಟಿಗೆ ಕೆಟ್ಟಿರಬೇಕು, ಇಲ್ಲವೇ ಯಾರೋ ರಸ್ತೆ ಅಗೆದಾಗ ಕೇಬಲ್ ತುಂಡಾಗಿರಬೇಕು. ಹಾಡಹಗಲೇ ಸಾಲು ದೀಪ ಉರಿಯುತ್ತಿದ್ದರೆ ಟೈಮರ್ ನೋಡಬೇಕು. ದೀಪ ಉರಿದರೂ ರಸ್ತೆಗೆ ಬೆಳಕು ಬೀಳುತ್ತಿಲ್ಲವೆಂದರೆ ಕೊಂಬೆ ಅಡ್ಡವಿದೆ. ಅದು ವಿದ್ಯುತ್ ಎಂಜಿನಿಯರ್ ಕೈಯಲ್ಲಿಲ್ಲ, ಮರ ಅಧಿಕಾರಿಯ ಅನುಮತಿ ಬೇಕು. 'ನಮ್ಮ ರಸ್ತೇಲಿ ಲೈಟಿಲ್ಲ' ಎಂಬ ಒಂದೇ ಸಾಲಿನ ದೂರು ತಪ್ಪು ಮೇಜಿಗೆ ಹೋಗಿ 'ಪರಿಹರಿಸಲಾಗಿದೆ' ಎಂದು ಮುಚ್ಚಿಹೋಗುವುದು ಇದರಿಂದಲೇ. ದೂರಿನಲ್ಲಿ ಕಂಬದ ಮೇಲೆ ಬರೆದ ಸಂಖ್ಯೆ, ಅಡ್ಡರಸ್ತೆ, ಎಷ್ಟು ಕಂಬ, ಎಂದಿನಿಂದ ಎಂಬ ನಾಲ್ಕು ವಿವರ ಇದ್ದರೆ ಅರ್ಧ ಕೆಲಸ ಆದಂತೆ. ಬೆಂಗಳೂರಿನಲ್ಲಿ ಹೊಣೆ ಇನ್ನೂ ಹರಿದು ಹಂಚಿದೆ. ಫುಟ್‌ಪಾತಿನ ಟ್ರಾನ್ಸ್‌ಫಾರ್ಮರ್ ವಿದ್ಯುತ್ ಕಂಪನಿ ಬೆಸ್ಕಾಂನದು, ಒಳಚರಂಡಿಯ ಮ್ಯಾನ್‌ಹೋಲ್ ಜಲಮಂಡಳಿಯದು, ಅವುಗಳ ಪಕ್ಕದ ಮಳೆನೀರು ಚರಂಡಿ ಪಾಲಿಕೆಯದು.

ಈ ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಕೇಳಬಹುದಾದ ಜಾಗ ವಾರ್ಡ್ ಸಮಿತಿ ಸಭೆ. ತಿಂಗಳಿಗೊಮ್ಮೆ ನಡೆಯಬೇಕಾದದ್ದು. ಸಭೆಗಿಂತಲೂ ಮುಖ್ಯವಾದದ್ದು ಸಭೆಯ ನಡಾವಳಿ, ಅಂದರೆ ಅಲ್ಲಿ ಆದದ್ದರ ಲಿಖಿತ ದಾಖಲೆ. 'ಬೀದಿದೀಪದ ಬಗ್ಗೆ ಚರ್ಚಿಸಲಾಯಿತು' ಎಂದು ಬರೆದರೆ ಅದು ಯಾರನ್ನೂ ಕಟ್ಟುವುದಿಲ್ಲ. 'ಇಂಥ ಅಡ್ಡರಸ್ತೆಯ ಇಂಥ ಸಂಖ್ಯೆಯ ಕಂಬಗಳ ಕೇಬಲನ್ನು ವಿದ್ಯುತ್ ವಿಭಾಗದ ಸಹಾಯಕ ಎಂಜಿನಿಯರ್ ಇಂಥ ದಿನಾಂಕದೊಳಗೆ ಸರಿಪಡಿಸತಕ್ಕದ್ದು' ಎಂದು ಬರೆಸಿದರೆ ಮುಂದಿನ ತಿಂಗಳ ಮೊದಲ ಪ್ರಶ್ನೆ ತಾನಾಗಿ ಸಿದ್ಧ. ನಡಾವಳಿಯ ಪ್ರತಿ ಕೊಡದಿದ್ದರೆ ಹತ್ತು ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಬಹುದು, 30 ದಿನದೊಳಗೆ ಉತ್ತರ ಬರಬೇಕು. ಠಾಣಾಧಿಕಾರಿಗೆ ಆದೇಶಿಸುವ ಅಧಿಕಾರ ಸಮಿತಿಗಿಲ್ಲ, ಆದರೆ ಪತ್ರ ಬರೆದು ಸಭೆಗೆ ಕರೆಯಲು ಅಡ್ಡಿಯಿಲ್ಲ. ಕತ್ತಲೆ ಜಾಗಗಳ ಪಟ್ಟಿಯನ್ನು ಕೈಗಿಟ್ಟರೆ ಬೀಟ್ ಹಾದಿಯನ್ನು ಅದಕ್ಕೆ ಹೊಂದಿಸುವುದು ಪೊಲೀಸರಿಗೂ ಸುಲಭ.

ಎಡವುವುದು ಎಲ್ಲಿ? ಸಮಿತಿಗೆ ಕಾರ್ಪೊರೇಟರ್ ಹಿಂಬಾಲಕರೇ ತುಂಬಿಕೊಳ್ಳುವುದು ಒಂದು. ಸಭೆಯ ನೋಟಿಸು ಯಾರ ಕಣ್ಣಿಗೂ ಬೀಳದಿರುವುದು ಇನ್ನೊಂದು. ಮೂರನೆಯದನ್ನು ನಿವಾಸಿಗಳು ಗಮನಿಸುವುದೇ ಕಡಿಮೆ: ವಾರ್ಡಿನ ಮೀಸಲಾತಿ ಸರದಿಯಂತೆ ಬದಲಾಗುತ್ತದೆ. ಈ ಸಲ ಸಾಮಾನ್ಯ ವರ್ಗಕ್ಕಿದ್ದ ವಾರ್ಡು ಮುಂದಿನ ಸಲ ಮಹಿಳೆಗೋ ಹಿಂದುಳಿದ ವರ್ಗಕ್ಕೋ ಹೋಗಬಹುದು, ಗೆದ್ದವರು ಅದೇ ವಾರ್ಡಿಗೆ ಮತ್ತೆ ಮತ ಕೇಳಲು ಬರದೆಯೇ ಇರಬಹುದು. ಮೀಸಲಾತಿ ನ್ಯಾಯವಾದದ್ದೇ. ಆದರೆ 'ಮುಂದಿನ ಸಲ ನೋಡಿಕೊಳ್ಳೋಣ' ಎಂಬ ಮತದಾರನ ಅಸ್ತ್ರ ಇದರಿಂದ ಮೊಂಡಾಗುತ್ತದೆ. ವ್ಯಕ್ತಿ ಬದಲಾದರೂ ಉಳಿಯುವುದು ನಡಾವಳಿ ಪುಸ್ತಕ ಮಾತ್ರ.

ಇನ್ನು ಚುನಾವಣೆಯೇ ನಡೆಯದಿದ್ದರೆ? ಪಾಲಿಕೆಯ ಅವಧಿ ಐದು ವರ್ಷ, ಅದು ಮುಗಿಯುವ ಮೊದಲೇ ಚುನಾವಣೆ ಮುಗಿದಿರಬೇಕೆಂದು 243-ಯು ವಿಧಿ ಹೇಳುತ್ತದೆ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ (ಬಿಬಿಎಂಪಿ) 2010 ಮತ್ತು 2015ರಲ್ಲಿ ಚುನಾವಣೆ ನಡೆಯಿತು, ಆಗ 198 ವಾರ್ಡುಗಳಿದ್ದವು. 2020ರ ಸೆಪ್ಟೆಂಬರ್ 10ಕ್ಕೆ ಅವಧಿ ಮುಗಿದ ಮೇಲೆ ವಾರ್ಡ್ ಮರುವಿಂಗಡಣೆ, ಮೀಸಲಾತಿ ತಕರಾರು, ಹೊಸ ಕಾಯ್ದೆ ಎನ್ನುತ್ತ ವರ್ಷಗಟ್ಟಲೆ ಆಡಳಿತಾಧಿಕಾರಿಗಳೇ ನಗರ ನಡೆಸಿದರು. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದವು. ಕಾರ್ಪೊರೇಟರ್ ಇಲ್ಲದ ಅಷ್ಟೂ ಕಾಲ ವಾರ್ಡ್ ಸಮಿತಿಗೆ ಚುನಾಯಿತ ಅಧ್ಯಕ್ಷರಿರಲಿಲ್ಲ, ಅಧಿಕಾರಿಯನ್ನು ತಡೆದು ಕೇಳುವ ಬಲವೂ ಇರಲಿಲ್ಲ. ಸಣ್ಣ ಸಂಗತಿಯಲ್ಲ ಇದು.

ಮರುವಿಂಗಡಣೆಯ ಪರಿಣಾಮ ಮತದಾರರ ಪಟ್ಟಿಗೂ ತಟ್ಟುತ್ತದೆ. ಪಾಲಿಕೆ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ. ವಿಧಾನಸಭೆಯ ಪಟ್ಟಿಯನ್ನು ಆಧಾರವಾಗಿಟ್ಟು ವಾರ್ಡುವಾರು ಪಟ್ಟಿ ಮಾಡುತ್ತದೆ. ಗುರುತಿನ ಚೀಟಿ ಕೈಯಲ್ಲಿದ್ದ ಮಾತ್ರಕ್ಕೆ ಯಾವ ವಾರ್ಡು ಎಂದು ಗೊತ್ತಾಗದು. ರಸ್ತೆಯ ಆಚೆ ಬದಿ ಬೇರೆ ವಾರ್ಡಿಗೆ ಸೇರಿರಬಹುದು, ಒಂದೇ ಮನೆಯವರ ಹೆಸರು ಎರಡು ಕಡೆ ಚದುರಿರಬಹುದು. ಬಾಡಿಗೆ ಮನೆ ಬದಲಿಸಿದವರು ನಮೂನೆ 8, ಹೊಸದಾಗಿ ಸೇರುವವರು ನಮೂನೆ 6 ತುಂಬಬೇಕು. ಕರಡು ಪಟ್ಟಿ ಪ್ರಕಟವಾದಾಗ ಆಕ್ಷೇಪಣೆಗೆ ಸಿಗುವ ದಿನಗಳು ಕೆಲವೇ, ಆದ್ದರಿಂದ ಹೆಸರು ನೋಡಿಕೊಳ್ಳಬೇಕಾದದ್ದು ಆಗಲೇ. ಮತದಾನದ ಬೆಳಿಗ್ಗೆ ಬೂತಿನ ಮುಂದಿನ ಮೇಜಿನಲ್ಲಿ ಪಟ್ಟಿ ತಿರುವಿಹಾಕಿದರೆ ಹೆಸರು ಸೇರಿಸುವ ಅಧಿಕಾರ ಅಲ್ಲಿ ಯಾರಿಗೂ ಇರುವುದಿಲ್ಲ.