ಆಮೆ ಎಷ್ಟು ತಿರುಗಬೇಕು?

ಕಂಪ್ಯೂಟರ್ ಪರದೆಯ ಮೇಲೊಂದು ಆಮೆ. ನೂರು ಹೆಜ್ಜೆ ಮುಂದೆ ಹೋಗು ಅಂದರೆ ಹೋಗುತ್ತದೆ, ಇಷ್ಟು ಡಿಗ್ರಿ ಬಲಕ್ಕೆ ತಿರುಗು ಅಂದರೆ ತಿರುಗುತ್ತದೆ. ಹೋದ ದಾರಿಯುದ್ದಕ್ಕೂ ಗೆರೆ ಬೀಳುತ್ತದೆ. ಸೆಮೋರ್ ಪ್ಯಾಪರ್ಟ್, ವಾಲಿ ಫರ್ಜೈಗ್, ಸಿಂಥಿಯಾ ಸೊಲೊಮನ್ 1967ರಲ್ಲಿ ಮಕ್ಕಳಿಗಾಗಿ ರೂಪಿಸಿದ ಲೋಗೋ ಎಂಬ ಪ್ರೋಗ್ರಾಮಿಂಗ್ ಭಾಷೆಗೆ ಮುಂದೆ ಬಂದು ಸೇರಿದ ಆಮೆ ಇದು.

ಇಬ್ಬರು ಮಕ್ಕಳನ್ನು ಒಟ್ಟಿಗೆ ಕೂರಿಸಿ, ಸಮಬಾಹು ತ್ರಿಕೋನ ಬಿಡಿಸಲು ಹೇಳಿ. ಅದರ ಒಳಕೋನ 60 ಡಿಗ್ರಿ ಅಂತ ಇಬ್ಬರಿಗೂ ಗೊತ್ತು. ಹಾಗಾಗಿ 'ಮುಂದೆ 100, ಬಲಕ್ಕೆ 60' ಅಂತ ಮೂರು ಸಲ ಬರೆಯುತ್ತಾರೆ. ತ್ರಿಕೋನ ಬರುವುದಿಲ್ಲ. ಅರ್ಧ ಷಡ್ಭುಜವೊಂದು ಬಾಯಿ ತೆರೆದು ಕೂರುತ್ತದೆ. ಪಾಠ ಶುರುವಾಗೋದೇ ಈಗ. 'ಪುಸ್ತಕದಲ್ಲಿ 60 ಅಂತಲೇ ಇದೆಯಲ್ಲ' ಅನ್ನುತ್ತಾಳೆ ಒಬ್ಬಳು. ಇನ್ನೊಬ್ಬ ಎದ್ದು, ತಾನೇ ಆಮೆಯಾಗಿ ನೆಲದ ಮೇಲೆ ನಡೆದು ನೋಡುತ್ತಾನೆ. ಮೂಲೆಗೆ ಬಂದಾಗ ಗೊತ್ತಾಗುತ್ತದೆ: ನೇರ ಹೋಗುತ್ತಿದ್ದ ದಾರಿಯಿಂದ ಎಷ್ಟು ಹೊರಳಬೇಕು ಅನ್ನೋದೇ ಲೆಕ್ಕ. 180ರಲ್ಲಿ 60 ಕಳೆದರೆ 120. ಮೂರು ಮೂಲೆ ಸೇರಿದರೆ 360, ಅಂದರೆ ಪೂರ್ತಿ ಒಂದು ಸುತ್ತು. ಇಷ್ಟು ಹೊಳೆದ ಮೇಲೆ ಪಂಚಭುಜಕ್ಕೆ ಎಷ್ಟು ಅಂತ ಯಾರೂ ಹೇಳಿಕೊಡಬೇಕಿಲ್ಲ.

ಇಲ್ಲಿ ಕಂಪ್ಯೂಟರ್ ಹೇಳಿದ್ದನ್ನು ಹೇಳಿದ ಹಾಗೆ ಮಾಡಿತು, ಅಷ್ಟೇ ಅಲ್ವಾ? ಆದರೆ ಅದರಿಂದಲೇ ತಪ್ಪು ಇಬ್ಬರ ಕಣ್ಣಿಗೂ ಬಿತ್ತು. ತಲೆಯೊಳಗಿನ ತಪ್ಪನ್ನು ಪಕ್ಕದವರಿಗೆ ತೋರಿಸೋದು ಕಷ್ಟ. ಪರದೆಯ ಗೆರೆ ಮೇಲಾದರೆ ಬೆರಳಿಟ್ಟು 'ಇಲ್ಲಿ ಕೆಟ್ಟಿದೆ ನೋಡು' ಅನ್ನಬಹುದು. ಕಲಿಕೆಗೆ ಕಂಪ್ಯೂಟರಿನಿಂದ ಆಗುವ ದೊಡ್ಡ ಉಪಕಾರ ಇದೇ ಅಂತ ನಾನು ನಂಬುತ್ತೇನೆ.

ಸಂಶೋಧನೆಯಲ್ಲೂ ಇದು ನಡೆದಿದೆ. 2008ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಫೋಲ್ಡಿಟ್ ಎಂಬ ಆಟ ಹೊರತಂದರು. ಪ್ರೋಟೀನಿನ ಸರಪಳಿಯನ್ನು ಮಡಚಿ ಸರಿಯಾದ ಆಕಾರಕ್ಕೆ ತರಬೇಕು. ಪ್ರತಿ ಮಡಿಕೆಗೂ ಕಂಪ್ಯೂಟರ್ ಅಂಕ ಕೊಡುತ್ತದೆ. ಮಂಗಗಳಲ್ಲಿ ಏಡ್ಸ್ ತರಹದ ಕಾಯಿಲೆ ತರುವ ವೈರಸ್ಸಿನ ಒಂದು ಕಿಣ್ವದ ರಚನೆ ಹತ್ತು ವರ್ಷಕ್ಕೂ ಜಾಸ್ತಿ ಕಾಲ ವಿಜ್ಞಾನಿಗಳಿಗೆ ದಕ್ಕಿರಲಿಲ್ಲ. ಒಂದೇ ತಂಡದ ಆಟಗಾರರು, ಒಬ್ಬರ ಮಾದರಿಯನ್ನು ಇನ್ನೊಬ್ಬರು ತಿದ್ದುತ್ತಾ, ಅದಕ್ಕೆ ಬೇಕಾದ ಮಾದರಿಯನ್ನು ಮೂರು ವಾರದಲ್ಲಿ ಕೊಟ್ಟರು. 2011ರಲ್ಲಿ ಅದು ಪ್ರಕಟವಾಯಿತು.

ತರಗತಿಯಲ್ಲಿ ಹೀಗಾಗಲು ಇಬ್ಬರಿಗೆ ಒಂದು ಪರದೆ ಸಾಕು. ಗುಂಡಿ ಒತ್ತುವ ಮುಂಚೆ, ಏನು ಬರಬಹುದು ಅಂತ ಇಬ್ಬರೂ ಬೇರೆ ಬೇರೆ ಬರೆದಿಡಲಿ. ಕೀಬೋರ್ಡ್ ಆಗಾಗ ಕೈ ಬದಲಾಗಲಿ, ಇಲ್ಲದಿದ್ದರೆ ಒಬ್ಬರು ಸುಮ್ನೆ ನೋಡುತ್ತಾ ಕೂರುತ್ತಾರೆ.