ಮಾಳಿಗೆಯ ಮೇಲಿನ ಕುರ್ಚಿ ಏಕೆ ಮುರಿಯುತ್ತದೆ

ಕಲಬುರಗಿಯಲ್ಲಿ ಮೇ ತಿಂಗಳ ಉಷ್ಣಾಂಶ 42 ಡಿಗ್ರಿ ದಾಟುವುದು ಹೊಸದೇನಲ್ಲ. ಹಾಗಾಗಿ ಮಾಳಿಗೆಯ ಮೇಲೆ ಬಿಟ್ಟ ಪ್ಲಾಸ್ಟಿಕ್ ಕುರ್ಚಿಯ ಕಾಲು ಲಟಕ್ಕನೆ ಮುರಿದರೆ, ತೊಗರಿ ರಾಶಿಗೆಂದು ತಂದ ತಾಡಪತ್ರಿ ಕೈಯಲ್ಲೇ ಹರಿದು ಬಂದರೆ, ಎಲ್ಲರೂ ಬೈಯುವುದು ಸೆಕೆಯನ್ನೇ. ಆದರೆ ಕುರ್ಚಿಯ ಪಾಲಿಪ್ರೊಪಿಲೀನ್ ಕರಗಲು ಸುಮಾರು 160 ಡಿಗ್ರಿ ಬೇಕು. ಅದೇ ಸೆಕೆಯನ್ನು ಪಡಸಾಲೆಯಲ್ಲಿ ಕಳೆದ ಕುರ್ಚಿಗೆ ವರ್ಷಗಟ್ಟಲೆ ಏನೂ ಆಗಿರುವುದಿಲ್ಲ.

ಕುರ್ಚಿಯನ್ನು ಒಡೆಯುವುದು ಬೆಳಕು; ಅದರಲ್ಲೂ ಕಣ್ಣಿಗೆ ಕಾಣದ ನೇರಳಾತೀತ ಕಿರಣ. ಸುಮಾರು 290ರಿಂದ 400 ನ್ಯಾನೊಮೀಟರ್ ತರಂಗಾಂತರದ ಈ ಕಿರಣಗಳು ನೆಲ ಮುಟ್ಟುತ್ತವೆ. ಸೋಜಿಗವೆಂದರೆ, ಅಪ್ಪಟ ಪಾಲಿಪ್ರೊಪಿಲೀನ್ ಇವನ್ನು ಹೀರುವುದೇ ಇಲ್ಲವೆನ್ನುವಷ್ಟು ಕಡಿಮೆ. ಅಚ್ಚು ಹಾಕುವ ಬಿಸಿಗೆ ಕೆಟ್ಟ ಒಂದಿಷ್ಟು ಅಣುಗಳು, ತಯಾರಿಕೆಯಲ್ಲಿ ಉಳಿದುಹೋದ ವೇಗವರ್ಧಕದ ಚೂರುಗಳು ಹೀರುತ್ತವೆ. ಅಲ್ಲಿ ಹುಟ್ಟುವ, ಸಿಕ್ಕಿದ್ದರೊಡನೆ ತಟ್ಟನೆ ಕೂಡುವ ಅಣುವಿನ ಚೂರು, ಅಂದರೆ ಮುಕ್ತ ರ‍್ಯಾಡಿಕಲ್ ಗಾಳಿಯ ಆಮ್ಲಜನಕದೊಡನೆ ಕೂಡಿ ಪಕ್ಕದ ಅಣುವಿನಿಂದ ಹೈಡ್ರೋಜನ್ ಕಸಿಯುತ್ತದೆ. ಆಗ ಆ ಅಣುವೇ ರ‍್ಯಾಡಿಕಲ್ ಆಗಿ ಮುಂದಿನದನ್ನು ಕೆಡಿಸುತ್ತದೆ. ಉದ್ದನೆಯ ಅಣುಗಳು ತುಂಡಾಗುತ್ತ ಹೋದಂತೆ, ಬಾಗುತ್ತಿದ್ದ ವಸ್ತು ಪೆಡಸಾಗುತ್ತದೆ. ಹೀಗೆ ಶುರುವಾದ ಕ್ರಿಯೆಯನ್ನು ಚುರುಕುಗೊಳಿಸುವುದಷ್ಟೇ ಸೆಕೆಯ ಪಾಲು. ಹಳೆಯ ಕುರ್ಚಿಯ ಮೇಲೆ ಕೈಯಾಡಿಸಿದರೆ ಅಂಟುವ ಬಿಳಿ ಪುಡಿ ಹೆಚ್ಚಾಗಿ ಅಗ್ಗವಾಗಲೆಂದು ಬೆರೆಸಿದ ಸುಣ್ಣಕಲ್ಲಿನ ಪುಡಿ. ಮೇಲ್ಪದರ ಸವೆದು ಅದು ಹೊರಬಿದ್ದಿರುತ್ತದೆ.

ಇದಕ್ಕೆ ಅತಿ ಅಗ್ಗದ ಮದ್ದು ಮಸಿ. ಬೀದರಿನ ಕಬ್ಬಿನ ಹೊಲದಲ್ಲಿ ಹನಿ ನೀರಾವರಿಯ ಪೈಪು ಕಪ್ಪಗಿರುವುದು ಅಂದಕ್ಕಲ್ಲ. ಕಾರ್ಬನ್ ಬ್ಲ್ಯಾಕ್ ಎಂಬ ನಯವಾದ ಇಂಗಾಲದ ಪುಡಿ ಕಿರಣವನ್ನು ಮೇಲ್ಮೈಯಲ್ಲೇ ಹೀರಿ ಶಾಖವಾಗಿಸುತ್ತದೆ. ನೀರು ಪೂರೈಕೆಯ ಗಟ್ಟಿ ಪಾಲಿಥೀನಿನ, ಅಂದರೆ ಎಚ್‌ಡಿಪಿಇ ಪೈಪಿಗೆ ಭಾರತೀಯ ಮಾನಕ ಐಎಸ್ 4984 ಹೇಳುವ ಪ್ರಮಾಣ ತೂಕದ ಶೇ 2.5ರ ಆಸುಪಾಸು. ಅಷ್ಟು ಹಾಕಿದರೂ ಅದು ಗಂಟುಗಟ್ಟದೆ ಸಮನಾಗಿ ಬೆರೆತಿರಬೇಕು. ಕಪ್ಪು ಪೈಪು ಬಿಸಿಲಲ್ಲಿ ಮುಟ್ಟಲಾಗದಷ್ಟು ಕಾಯುತ್ತದೆ, ಆದರೂ ಬಣ್ಣದ ಪೈಪಿಗಿಂತ ಹೆಚ್ಚು ಬಾಳುತ್ತದೆ. ಸೆಕೆಯನ್ನೇ ಬೈಯುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಸಿಕ್ಕಿಲ್ಲ.

ಮದುವೆ ಮಂಟಪಕ್ಕೆ ಕಪ್ಪು ಕುರ್ಚಿ ಹಾಕಿದರೆ ಯಾರೂ ಒಪ್ಪುವುದಿಲ್ಲವಲ್ಲ! ಬಣ್ಣದ ವಸ್ತುಗಳಿಗೆ ‘ಹಾಲ್ಸ್’ ಎಂಬ ಅಮೈನ್ ಗುಂಪಿನ (ಸಾರಜನಕವಿರುವ) ರಾಸಾಯನಿಕಗಳಿವೆ. ಇವು ಕಿರಣವನ್ನು ತಡೆಯುವುದಿಲ್ಲ. ಹುಟ್ಟಿದ ರ‍್ಯಾಡಿಕಲ್ಲನ್ನು ಹಿಡಿದು ಸುಮ್ಮನಾಗಿಸುತ್ತವೆ. ಒಂದು ಜಗಳ ಬಿಡಿಸಿ ಮುಂದಿನದಕ್ಕೆ ಹೊರಡುವ ಊರ ಹಿರಿಯನಂತೆ, ಕೆಲಸ ಮುಗಿದ ಮೇಲೆ ಮತ್ತೆ ಮೊದಲಿನ ರೂಪಕ್ಕೆ ಮರಳುತ್ತವೆ. ಆದ್ದರಿಂದಲೇ ಅತ್ಯಲ್ಪ ಪ್ರಮಾಣ ಸಾಕು. ಅಗ್ಗದ ಕುರ್ಚಿಯಲ್ಲಿ ಮೊದಲು ಕೈಬಿಡುವುದೂ ಇದನ್ನೇ ಎಂಬುದು ನನ್ನ ಗುಮಾನಿ, ಏಕೆಂದರೆ ಅಂಗಡಿಯಲ್ಲಿ ನೋಡಿದರೆ ವ್ಯತ್ಯಾಸ ಕಾಣುವುದೇ ಇಲ್ಲ.

ಹಾಲ್ಸ್‌ಗೂ ಒಂದು ವೈರಿ ಇದೆ: ಆಮ್ಲ. ಪಾಲಿಹೌಸಿನಲ್ಲಿ ಬೂದಿರೋಗಕ್ಕೆಂದು ಗಂಧಕ ಬಳಸಿದಾಗ ಅದರಿಂದಾಗುವ ಆಮ್ಲೀಯ ವಸ್ತುಗಳು ಈ ಅಮೈನ್‌ಗಳನ್ನು ನಿಷ್ಕ್ರಿಯಗೊಳಿಸುತ್ತವೆ, ಹೊದಿಕೆಯ ಹಾಳೆ ಅವಧಿಗೆ ಮೊದಲೇ ಹರಿಯುತ್ತದೆ. ಗಂಧಕ ತಾಳುವ ಹಾಳೆಗಳೂ ಇವೆ. ಕೊಳ್ಳುವ ಮೊದಲೇ ಏನು ಸಿಂಪಡಿಸುತ್ತೇವೆ ಎಂದು ಮಾರುವವರಿಗೆ ಹೇಳಬೇಕು.